ಎಲ್ಲವನ್ನೂ ಅಂಗಳಕ್ಕೆ ಹಾಕಿ

— ಚಿಕ್ಕಮ್ಮ, ಅಪ್ಪನ ರಿಪೋರ್ಟು ತಂದಿದೀನಿ. ಕ್ರಿಯಾಟಿನಿನ್ 2.4 ಅಂತ ಬಂದಿದೆ. ಕಿಡ್ನಿ ಡಾಕ್ಟರಿಗೆ ತೋರಿಸಿ ಅಂತ ಚೀಟಿ ಬರೆದುಕೊಟ್ಟಿದಾರೆ. ಅಪ್ಪ ಮಾತ್ರ ಬರಲ್ಲ ಅಂತ ಕೂತುಬಿಟ್ಟಿದಾರೆ.

— ಏನಂತಪ್ಪಾ ಭಾವನವರ ವಾದ?

— "ಉಚ್ಚೆ ಸರಾಗವಾಗಿ ಹೋಗ್ತಾ ಇದೆ. ಉರಿ ಇಲ್ಲ, ನೋವಿಲ್ಲ. ರಾತ್ರಿ ಬೇರೆ ಮೂರು ಸಲ ಎದ್ದು ಹೋಗ್ತೀನಿ. ಇಷ್ಟು ದುಡಿಯೋ ಕಿಡ್ನಿಗೆ ಎಂಥ ಕಾಯಿಲೆ?" ಅಂತಾರೆ. ನಿಜ ಹೇಳಬೇಕಂದ್ರೆ ನನಗೂ ಏನು ಹೇಳಬೇಕು ಅಂತ ತೋಚಲಿಲ್ಲ.

— ಡಯಾಲಿಸಿಸ್ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಮೊದಲ ಸಲ ಬಂದು ಆ ಮಂಚದ ಮೇಲೆ ಮಲಗಿದವರು ಎಷ್ಟೋ ಜನ ಇದೇ ಮಾತು ಹೇಳಿದ್ದಾರೆ. "ಸಿಸ್ಟರ್, ನೀರು ಚೆನ್ನಾಗೇ ಹೋಗ್ತಿತ್ತಲ್ಲ." ಅವರನ್ನ ಬೈಯೋಕೆ ನನಗೆ ಮನಸ್ಸು ಬರ್ತಿರಲಿಲ್ಲ. ಆ ಅಂಗಕ್ಕೆ ನಾವು ಇಟ್ಟಿರೋ ಹೆಸರೇ ದಾರಿ ತಪ್ಪಿಸತ್ತೆ. ಈಗ ಮೂತ್ರಪಿಂಡ ಅಂತೀವಿ. ನಾವು ಓದುವಾಗ ಮೂತ್ರಜನಕಾಂಗ ಅಂತಿದ್ದರು. ಅಂದ್ರೆ ಮೂತ್ರ ಹುಟ್ಟಿಸೋ ಅಂಗ. ಒಂದು ಮನೆಯನ್ನ ಅದರ ಹಿತ್ತಿಲ ತಿಪ್ಪೆಯಿಂದ ಗುರುತಿಸಿದ ಹಾಗಾಯ್ತು. ತಿಪ್ಪೆ ದೊಡ್ಡದಾಗಿದೆ ಅಂದಮೇಲೆ ಮನೆ ಚೆನ್ನಾಗಿ ನಡೀತಿದೆ ಅಂತ ತಿಳ್ಕೊಂಡ ಹಾಗೆ. ಕಿಡ್ನಿ ಕೆಲಸ ಮಾಡೋದು ರಕ್ತದ ಮೇಲೆ ಕಣೋ. ಮೂತ್ರ ಅನ್ನೋದು ಆ ಕೆಲಸ ಮುಗಿದಮೇಲೆ ಉಳಿದದ್ದು.

— ರಕ್ತ ಸೋಸೋದು ಅಂತ ಗೊತ್ತು. ಜರಡಿ ಹಿಡಿದ ಹಾಗೆ ಕೊಳೆ ತೆಗೀತದೆ, ಅಲ್ವಾ?

— ಎಲ್ಲರೂ ಹಾಗೇ ತಿಳ್ಕೊಂಡಿರೋದು. ಒಂದು ಕೇಳ್ತೀನಿ ಹೇಳು. ಯುಗಾದಿಗೆ ಸುಣ್ಣ ಬಳಿಯೋವಾಗ ನಿಮ್ಮಜ್ಜಿ ಮನೆ ಹೇಗೆ ಕ್ಲೀನ್ ಮಾಡ್ತಿದ್ದರು?

— ಎಲ್ಲಾ ಸಾಮಾನೂ ಅಂಗಳಕ್ಕೆ ತಂದು ಹಾಕೋದು. ಪಾತ್ರೆ, ಪೆಟ್ಟಿಗೆ, ಹಾಸಿಗೆ, ದೇವರ ಪಟಗಳೂ ಸೇರಿ. ಮನೆ ಖಾಲಿ ಆದ್ಮೇಲೆ ಗುಡಿಸಿ, ಬಳಿದು, ಬೇಕಾದ್ದನ್ನ ಒರೆಸಿ ಒರೆಸಿ ಒಳಗೆ ತಗೊಂಡು ಹೋಗೋದು. ಕೊನೆಗೆ ಅಂಗಳದಲ್ಲಿ ಉಳಿದದ್ದು ತಿಪ್ಪೆಗೆ.

— ಅದೇ ಕಿಡ್ನಿಯ ಕೆಲಸ. ಅದು ಕೊಳೆ ಆರಿಸಿ ತೆಗೆಯಲ್ಲ. ರಕ್ತದ ನೀರಿನ ಭಾಗವನ್ನ, ಅದರಲ್ಲಿ ಕರಗಿರೋ ಉಪ್ಪು, ಸಕ್ಕರೆ, ಅಮೈನೋ ಆಮ್ಲ ಎಲ್ಲದರ ಜೊತೆಗೆ, ಮೊದಲು ಹೊರಗೆ ಸುರಿದುಬಿಡತ್ತೆ. ಆಮೇಲೆ ಒಂದೊಂದೇ ಗುರುತು ಹಿಡಿದು ಒಳಗೆ ಕರ್ಕೊಳ್ಳತ್ತೆ. ದಿನಕ್ಕೆ ಎಷ್ಟು ಸುರೀತದೆ ಹೇಳು ನೋಡೋಣ.

— ಮೂರು ಲೀಟರ್? ನಾಲ್ಕು?

— ಸುಮಾರು 180 ಲೀಟರ್. ನಮ್ಮ ಬಚ್ಚಲ ಹಂಡೆ ಎಷ್ಟು ಸಲ ತುಂಬಬಹುದು ಲೆಕ್ಕ ಹಾಕು. ಅದರಲ್ಲಿ ಹೊರಗೆ ಹೋಗೋದು ಒಂದೂವರೆ, ಎರಡು ಲೀಟರ್. ಉಳಿದದ್ದೆಲ್ಲಾ ವಾಪಸ್ಸು. ಮೈಯಲ್ಲಿ ರಕ್ತದ ನೀರಿನಂಶ, ಪ್ಲಾಸ್ಮಾ ಅಂತಾರಲ್ಲ, ಅದು ಇರೋದೇ ಮೂರು ಲೀಟರ್. ಅಂದ್ರೆ ಅದೇ ಮೂರು ಲೀಟರು ದಿನಕ್ಕೆ ಅರವತ್ತು ಸಲ ಅಂಗಳಕ್ಕೆ ಬಂದು ಒಳಗೆ ಹೋಗತ್ತೆ. ನಮಗೆ ವರ್ಷಕ್ಕೊಂದು ಯುಗಾದಿಯಾದ್ರೆ ಅದಕ್ಕೆ ಅರ್ಧ ಗಂಟೆ ಆಗೋದರೊಳಗೆ ಒಂದು.

— ಇದೇನು ಚಿಕ್ಕಮ್ಮ, ಇಷ್ಟು ದುಂದು? ಬೇಡದ್ದನ್ನ ಮಾತ್ರ ಎತ್ತಿ ಹಾಕಿದ್ರೆ ಆಗ್ತಿರಲಿಲ್ವಾ?

— ನಾನೂ ಟ್ರೈನಿಂಗಿನಲ್ಲಿ ಇದೇ ಪ್ರಶ್ನೆ ಕೇಳಿದ್ದೆ. ಪಾಠ ಮಾಡ್ತಿದ್ದ ಡಾಕ್ಟರು ಒಂದೇ ಮಾತಿನಲ್ಲಿ ಉತ್ತರ ಕೊಟ್ಟರು. ಇವತ್ತಿಗೂ ಮರೆತಿಲ್ಲ. "ಬೇಡದ್ದನ್ನ ಆರಿಸಬೇಕು ಅಂದ್ರೆ ಪ್ರತಿಯೊಂದು ಬೇಡದ್ದರ ಗುರುತೂ ಮೊದಲೇ ಗೊತ್ತಿರಬೇಕಲ್ಲಮ್ಮ" ಅಂದರು. ಯೋಚನೆ ಮಾಡು. ನಾವು ಹೊಸ ಹೊಸ ಮಾತ್ರೆ ನುಂಗ್ತೀವಿ, ಗದ್ದೆಗೆ ಹೊಡೆದ ಔಷಧಿ ತರಕಾರಿ ಜೊತೆ ಒಳಗೆ ಬರತ್ತೆ, ಕಾಡಿನ ಯಾವುದೋ ಸೊಪ್ಪು ಬರತ್ತೆ. ಕಿಡ್ನಿ ಇವನ್ನೆಲ್ಲಾ ಹಿಂದೆ ನೋಡಿಲ್ಲ. ನೋಡಬೇಕಾಗೂ ಇಲ್ಲ. ತನಗೆ ಬೇಕಾದ ನಾಲ್ಕಾರು ಸಾಮಾನಿನ ಗುರುತಿದ್ದರೆ ಸಾಕು. ಕೈಹಿಡಿದು ಒಳಗೆ ಕರೆಯದೇ ಇದ್ದದ್ದು ತಾನಾಗೇ ಹೊರಗೆ ಹೋಗತ್ತೆ. ಎಲ್ಲವೂ ಹೀಗೇ ಅನ್ನೋ ಹಾಗಿಲ್ಲ. ಕೆಲವನ್ನ ರಕ್ತದಿಂದ ಎಳೆದು ಹೊರಗೆ ದಬ್ಬೋ ಪಂಪುಗಳೂ ಇವೆ. ಪೆನ್ಸಿಲಿನ್ನನ್ನ ಹಾಗೇ ದಬ್ಬತ್ತೆ. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಬ್ಬ ಪೊಲೀಸ್ ಪೇದೆಗೆ ಮೊದಮೊದಲ ಪೆನ್ಸಿಲಿನ್ ಕೊಟ್ಟಾಗ ಅದು ಮೂತ್ರದಲ್ಲಿ ಹರಿದುಹೋಗ್ತಿತ್ತು. ಇದ್ದದ್ದೇ ಚಿಟಿಕೆಯಷ್ಟು. ಅದಕ್ಕೆ ಅವನ ಮೂತ್ರ ಕೂಡಿಟ್ಟು, ಅದರಿಂದ ಔಷಧಿ ಬೇರೆ ಮಾಡಿ ಮತ್ತೆ ಅವನಿಗೇ ಚುಚ್ಚಿದರು. ಔಷಧಿ ಮುಗಿದುಹೋಯ್ತು, ಪಾಪ, ಉಳೀಲಿಲ್ಲ ಅವನು.

— ಇಷ್ಟೆಲ್ಲಾ ನಡೆಯೋದು ಇಲ್ಲಿ, ಸೊಂಟದಲ್ಲಿ?

— ಸೊಂಟ ಅಲ್ಲ, ಇನ್ನೂ ಮೇಲೆ. ಬೆನ್ನಿನಲ್ಲಿ ಕೊನೆಯ ಪಕ್ಕೆಲುಬು ಮುಟ್ಟಿನೋಡು. ಅದರ ಮರೆಯಲ್ಲಿ ಅರ್ಧ, ಕೆಳಗರ್ಧ. ಬಲಗಡೆಯದು ಸ್ವಲ್ಪ ಕೆಳಗೆ, ಮೇಲೆ ಯಕೃತ್ತು ಜಾಗ ಹಿಡಿದಿದೆ ನೋಡು. ಒಂದೊಂದೂ ಮುಷ್ಟಿಯಷ್ಟು, ಸುಮಾರು 150 ಗ್ರಾಂ. ಎರಡೂ ಸೇರಿ ಮೈತೂಕದ ನೂರನೇ ಒಂದು ಪಾಲೂ ಇಲ್ಲ. ಹೃದಯ ಒತ್ತೋ ರಕ್ತದಲ್ಲಿ ಮಾತ್ರ ಐದನೇ ಒಂದು ಪಾಲಿಗೂ ಹೆಚ್ಚು ಅವಕ್ಕೇ ಬೇಕು. ಒಳಗೆ ನೆಫ್ರಾನ್ ಅನ್ನೋ ಸಣ್ಣ ಸಣ್ಣ ಘಟಕ, ಒಂದೊಂದು ಕಿಡ್ನಿಯಲ್ಲಿ ಹತ್ತು ಲಕ್ಷದ ಆಸುಪಾಸು. ಕೆಲವರಿಗೆ ಹುಟ್ಟುತ್ತಲೇ ಅದರ ಅರ್ಧ ಇರತ್ತೆ, ಕೆಲವರಿಗೆ ಹೆಚ್ಚು. ತಾಯಿ ಹೊಟ್ಟೆಯಲ್ಲಿ ಇರೋವಾಗ ಎಷ್ಟು ಆಯ್ತೋ ಅಷ್ಟೇ. ಹುಟ್ಟಿದಮೇಲೆ ಹೊಸದು ಒಂದೂ ಆಗಲ್ಲ. ಬಸುರಿಯರಿಗೆ ಚೆನ್ನಾಗಿ ಊಟ ಹಾಕಿ, ತಿಂಗಳು ತುಂಬೋ ಹಾಗೆ ನೋಡ್ಕೊಳ್ಳಿ ಅಂತ ನಾನು ಕಂಡವರಿಗೆಲ್ಲಾ ಹೇಳೋದು ಇದಕ್ಕೂ ಸೇರಿಯೇ.

— ಆ ನೆಫ್ರಾನ್ ನೋಡೋಕೆ ಹೇಗಿರತ್ತೆ?

— ತಲೆ, ಬಾಲ ಅಂದ್ಕೋ. ತಲೆ ಅಂದ್ರೆ ಕೂದಲಿಗಿಂತ ಸಣ್ಣ ರಕ್ತನಾಳ ಸುತ್ತಿ ಸುತ್ತಿ ಮಾಡಿದ ಸಿಂಬೆ. ಬಿಂದಿಗೆ ಹೊರೋವಾಗ ಸೀರೆಸೆರಗು ಸುತ್ತಿ ತಲೆಮೇಲೆ ಇಟ್ಕೊತಿದ್ವಲ್ಲ, ಹಾಗೆ. ಉಪ್ಪಿನ ಹರಳಿಗಿಂತ ಚಿಕ್ಕದು. 1666ರಲ್ಲೇ ಇಟಲಿಯ ಮಾಲ್ಪಿಗಿ ಅನ್ನೋ ವೈದ್ಯ ಇದನ್ನ ಕಂಡು ಬರೆದಿದ್ದ. ಆಗಿನ ಭೂತಗನ್ನಡಿಯಲ್ಲಿ! ಆ ಸಿಂಬೆಯ ಸುತ್ತ ಒಂದು ಬಟ್ಟಲು. ರಕ್ತ ಒತ್ತಡದಲ್ಲಿ ನುಗ್ಗಿದಾಗ ನೀರು, ಉಪ್ಪು, ಸಕ್ಕರೆ ಎಲ್ಲಾ ಬಟ್ಟಲಿಗೆ ಜಿನುಗತ್ತೆ. ರಕ್ತಕಣ, ಪ್ರೋಟೀನು ಒಳಗೇ ಉಳೀತವೆ. ಜರಡಿ ಅಂದ್ಯಲ್ಲ, ಅದು ಇರೋದು ಇಲ್ಲಿ ಮಾತ್ರ. ಆದ್ರೆ ಎಂಥ ಜರಡಿ ಅಂತೀಯಾ! ಸಿಂಬೆಯ ಮೈಗೆ ಬೆರಳು ಬೆರಳು ಹೆಣೆದುಕೊಂಡು ಕೂತಿರೋ ಜೀವಕೋಶಗಳು. ಆ ಬೆರಳುಗಳ ಸಂದಿಯಲ್ಲಿ ನೀರು ಇಳೀಬೇಕು. ವರ್ಷಗಟ್ಟಲೆ ಸಕ್ಕರೆ ಏರಿಕೊಂಡೇ ಇದ್ದರೆ, ಬಿ.ಪಿ. ಏರಿಕೊಂಡೇ ಇದ್ದರೆ ಆ ಬೆರಳುಗಳು ಕಳಚಿಕೊಳ್ತವೆ. ಸಂದಿ ದೊಡ್ಡದಾಗಿ ಆಲ್ಬುಮಿನ್ ಅನ್ನೋ ಪ್ರೋಟೀನು ಸೋರೋಕೆ ಶುರು. ಭಾವನವರಿಗೆ ಮೂತ್ರದಲ್ಲಿ ನೊರೆ ಬರತ್ತಾ?

— ಬರತ್ತೆ. "ಎರಡು ಮಗ್ ನೀರು ಹಾಕಿದ್ರೂ ನೊರೆ ಹೋಗಲ್ಲ" ಅಂತ ಅಮ್ಮ ಒಂದು ವರ್ಷದಿಂದ ಹೇಳ್ತಾನೇ ಇದಾರೆ. ಫಿನಾಯ್ಲ್ ಬದಲಾಯಿಸಿದ್ವಿ ಚಿಕ್ಕಮ್ಮ, ಅಷ್ಟೇ.

— ಹಾಗೇ ಆಗೋದು ಎಲ್ಲರ ಮನೆಯಲ್ಲೂ. ಅಕ್ಕ ಸರಿಯಾಗೇ ನೋಡಿದಾಳೆ. ಜೋರಾಗಿ ಬಿದ್ದಾಗ ಒಂದಿಷ್ಟು ನೊರೆ ಯಾರಿಗಾದರೂ ಬರತ್ತೆ. ನಿಂತುಬಿಡೋ ನೊರೆ ಬೇರೆ. ಆಲ್ಬುಮಿನ್ ಪರೀಕ್ಷೆ ಮಾಡಿಸಬೇಕು, ಈ ರಿಪೋರ್ಟಿನಲ್ಲಿ ಅದು ಇಲ್ಲ. ಕ್ರಿಯಾಟಿನಿನ್ ಮಿಸುಕದೇ ಇರೋವಾಗಲೇ ಅದು ಸುಳಿವು ಕೊಡತ್ತೆ. ಸಕ್ಕರೆ ಕಾಯಿಲೆಯವರೆಲ್ಲಾ ವರ್ಷಕ್ಕೊಂದು ಸಲ ಮಾಡಿಸಲೇಬೇಕಾದ ಪರೀಕ್ಷೆ ಅದು.

— ಬಾಲದ ವಿಷಯ ಹೇಳಲಿಲ್ಲ.

— ಬಾಲವೇ ನಿಜವಾದ ದುಡಿಮೆಗಾರ. ಬಟ್ಟಲಿನಿಂದ ಹೊರಡೋ ಸಣ್ಣ ಕೊಳವೆ. ಅದರ ಮೊದಲನೇ ತಿರುವಿನಲ್ಲೇ ಮೂರರಲ್ಲಿ ಎರಡು ಪಾಲು ನೀರು, ಉಪ್ಪು ವಾಪಸ್ಸು ಆಗತ್ತೆ. ಸಕ್ಕರೆ ಅಂತೂ ಪೂರ್ತಿ. ದಿನಕ್ಕೆ ಅಂಗಳಕ್ಕೆ ಬೀಳೋ ಉಪ್ಪು ಎಷ್ಟು ಗೊತ್ತಾ? ಒಂದೂವರೆ ಕೆ.ಜಿ. ನಾವು ತಿನ್ನಬೇಕಾದ್ದು ದಿನಕ್ಕೆ 5 ಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಆ ಒಂದೂವರೆ ಕೆ.ಜಿ.ಯನ್ನ ಒಳಗೆ ಹೊತ್ತು ಹಾಕಿ, ನೀನು ಇವತ್ತು ತಿಂದ ಹೆಚ್ಚುವರಿ ಎಷ್ಟೋ ಅಷ್ಟನ್ನ ಮಾತ್ರ ಹೊರಗೆ ಬಿಡೋದು! ಮದುವೆ ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಜಾಸ್ತಿ ತಿಂದ ದಿನ ಒಂದು ಲೆಕ್ಕ, ಏಕಾದಶಿ ಉಪವಾಸದ ದಿನ ಒಂದು ಲೆಕ್ಕ. ಈ ಲೆಕ್ಕ ನೆನಪಾದಾಗೆಲ್ಲಾ ನನಗೆ ಕೈಮುಗಿಯೋಣ ಅನ್ನಿಸತ್ತೆ.

— ಸಕ್ಕರೆ ಪೂರ್ತಿ ವಾಪಸ್ಸು ಅಂದ್ರಿ. ಅಪ್ಪನಿಗೆ ಮೂತ್ರದಲ್ಲಿ ಸಕ್ಕರೆ ಬರತ್ತಲ್ಲ?

— ಹೊರೋ ಕೂಲಿಗಳು ಇಷ್ಟೇ ಅಂತ ಇರ್ತಾರಲ್ಲಪ್ಪಾ. ರಕ್ತದಲ್ಲಿ ಸಕ್ಕರೆ 180 ದಾಟೋವರೆಗೂ ಎಲ್ಲಾ ಹೊತ್ತು ಹಾಕ್ತಾರೆ. ಅದರ ಮೇಲೆ ಕೈ ಸಾಲಲ್ಲ, ಮಿಕ್ಕಿದ್ದು ಸೋರಿಹೋಗತ್ತೆ, ಜೊತೆಗೆ ನೀರನ್ನೂ ಎಳ್ಕೊಂಡು. ಹಳಬರು ಇರುವೆ ಮುತ್ತೋದು ನೋಡಿ ಸಿಹಿಮೂತ್ರ ಅಂದಿದ್ದು ಇದನ್ನೇ. ಇದರಲ್ಲೇ ಒಂದು ಸೋಜಿಗ ಕೇಳು. 1835ರಲ್ಲಿ ಯುರೋಪಿನಲ್ಲಿ ಸೇಬಿನ ಮರದ ತೊಗಟೆಯಿಂದ ಫ್ಲೋರಿಝಿನ್ ಅಂತ ಒಂದು ಕಹಿ ವಸ್ತು ತೆಗೆದರು. ಅದನ್ನ ಕೊಟ್ಟರೆ ರಕ್ತದಲ್ಲಿ ಸಕ್ಕರೆ ಏರದೇ ಇದ್ದರೂ ಮೂತ್ರದಲ್ಲಿ ಸಕ್ಕರೆ ಬರ್ತಿತ್ತು. ಆ ಕೂಲಿಗಳ ಕೈ ಕಟ್ಟಿಹಾಕೋ ವಸ್ತು ಅದು. ನೂರೆಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಮೇಲೆ ಅದೇ ಎಳೆ ಹಿಡಿದು ಹೊಸ ಮಾತ್ರೆಗಳು ಬಂದವು, ಡಪಾಗ್ಲಿಫ್ಲೋಜಿನ್ ಅಂತ ಏನೇನೋ ಹೆಸರು. ಸಕ್ಕರೆಗೆ ಅಂತ ಮಾಡಿದ್ದು, ಆದ್ರೆ ಸಿಂಬೆಯ ಒಳಗಿನ ಒತ್ತಡ ಇಳಿಸಿ ಕಿಡ್ನಿಯನ್ನೇ ಕಾಪಾಡತ್ತೆ ಅಂತ ಗೊತ್ತಾಯ್ತು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕೈಯಲ್ಲಿ ಇಂಥದ್ದು ಇರಲಿಲ್ಲ. ಭಾವನವರಿಗೆ ಅದು ಆಗತ್ತೋ ಇಲ್ಲವೋ ಡಾಕ್ಟರು ಹೇಳ್ತಾರೆ. ಹೇಳೋಕೆ ಇವರು ಅಲ್ಲಿಗೆ ಹೋಗಬೇಕಲ್ಲ!

— ರಾತ್ರಿ ಮೂರು ಸಲ ಏಳೋದು?

— ಹೂಂ, ಅದಕ್ಕೇ ಬಂದೆ. ಕೊಳವೆ ಮುಂದೆ ಹೋಗಿ ಕಿಡ್ನಿಯ ಆಳಕ್ಕೆ ಇಳಿದು, ಯು ಆಕಾರದಲ್ಲಿ ತಿರುಗಿ ಮತ್ತೆ ಮೇಲೆ ಬರತ್ತೆ. ಹೆನ್ಲೆ ಅನ್ನೋ ಜರ್ಮನ್ ವಿದ್ವಾಂಸನ ಹೆಸರು ಅದಕ್ಕೆ. ಮೇಲಕ್ಕೆ ಬರೋ ಕೈ ಉಪ್ಪನ್ನ ಹೊರಕ್ಕೆ ಹಾಕ್ತಾ ಹಾಕ್ತಾ ಆ ಆಳದ ಜಾಗವನ್ನೆಲ್ಲಾ ಉಪ್ಪುಪ್ಪು ಮಾಡಿಡತ್ತೆ. ಕೊನೆಗೆ ಮೂತ್ರ ಹೊತ್ತ ನಾಳ ಇಳಿಯೋದು ಆ ಉಪ್ಪಿನ ನೆಲದ ಮೂಲಕವೇ. ಮಿದುಳಿನಿಂದ ಒಂದು ಹಾರ್ಮೋನು ಬಂದು ನಾಳದ ಬಾಗಿಲು ತೆರೀತು ಅಂದ್ರೆ, ಉಪ್ಪು ನೀರನ್ನ ಹೀರಿಕೊಳ್ಳತ್ತೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗೋದರೊಳಗೆ ನೀರು ಬಿಟ್ಕೊಳ್ಳಲ್ವಾ, ಹಾಗೆ. ಉಳಿದ ಮೂತ್ರ ಗಟ್ಟಿಯಾಗತ್ತೆ. ರಾತ್ರಿ ನಾವು ಏಳೆಂಟು ಗಂಟೆ ಏಳದೆ ಮಲಗೋದು, ಬೆಳಗ್ಗೆ ಮೊದಲ ಮೂತ್ರ ಹಳದಿಯಾಗಿರೋದು ಇದರಿಂದ. ಕಿಡ್ನಿ ಸೊರಗಿದಾಗ ಮೊದಮೊದಲು ಹೋಗೋ ಶಕ್ತಿಗಳಲ್ಲಿ ಇದೂ ಒಂದು. ಮೂತ್ರ ನೀರು ನೀರಾಗಿ, ಹೊತ್ತು ಗೊತ್ತಿಲ್ಲದೆ ಬರತ್ತೆ. ಭಾವನವರು ಯಾವುದನ್ನ ಕಿಡ್ನಿಯ ದುಡಿಮೆ ಅಂತ ತೋರಿಸ್ತಿದಾರೋ ಅದು ದಣಿವು. ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ಊದಿದ್ದರೂ, ಸಕ್ಕರೆ ಏರಿದ್ದರೂ ರಾತ್ರಿ ಏಳೋದು ಉಂಟು. ಯಾವುದು ಅಂತ ನೋಡಿಸಬೇಕು.

— ಹಾಗಾದ್ರೆ ಕಿಡ್ನಿ ಕೆಟ್ಟರೂ ಮೂತ್ರ ಕಮ್ಮಿ ಆಗಲ್ವಾ?

— ಆ ರಿಪೋರ್ಟಿನ ಕೊನೆಯಲ್ಲಿ ಇ.ಜಿ.ಎಫ್.ಆರ್. ಅಂತ ಇದೆ ನೋಡು. ಎಷ್ಟಿದೆ?

— 29.

— ನಿಮಿಷಕ್ಕೆ 29 ಎಂ.ಎಲ್. ಸೋಸ್ತಿದೆ ಅಂತ ಅಂದಾಜು. ನೂರರ ಮೇಲೆ ಇರಬೇಕಾದ್ದು, ವಯಸ್ಸಾದಂತೆ ಸ್ವಲ್ಪ ಇಳೀತದೆ. ಈಗ ನೀನೇ ಗುಣಿಸು. ದಿನಕ್ಕೆ 1440 ನಿಮಿಷ.

— ನಲವತ್ತೊಂದು... ಹೆಚ್ಚುಕಡಿಮೆ 42 ಲೀಟರ್.

— 180 ಇದ್ದದ್ದು 42ಕ್ಕೆ ಇಳಿದರೂ ಎರಡು ಲೀಟರ್ ಉಚ್ಚೆ ಹೊಯ್ಯೋಕೆ ಏನು ಕಷ್ಟ? ಒಳಗೆ ವಾಪಸ್ಸು ತರೋ ನೀರು ಅಷ್ಟು ಕಮ್ಮಿ ಆದ್ರೆ ಆಯ್ತು. ತಿಪ್ಪೆ ಅಷ್ಟೇ ಇರತ್ತೆ, ಅಂಗಳಕ್ಕೇ ಬರದ ಕಸ ಮನೆಯೊಳಗೇ ಉಳೀತಿರತ್ತೆ. ಇದನ್ನ ಭಾವನವರಿಗೆ ಹಾಗೇ ಹೇಳು. ಲೆಕ್ಕದ ಮೇಷ್ಟ್ರು ಅವರು, ಒಪ್ಪಿಕೊಳ್ತಾರೆ.

— ಆದ್ರೆ ಕ್ರಿಯಾಟಿನಿನ್ ಮೂರು ವರ್ಷದ ಹಿಂದೆ 1.3 ಇತ್ತು. ರಿಪೋರ್ಟಿನಲ್ಲಿ ನಾರ್ಮಲ್ ಅಂತ ಇತ್ತು. ಅದಕ್ಕೂ ಮುಂಚೆ 0.8. ದಪ್ಪ ಅಕ್ಷರದಲ್ಲಿ ಏನೂ ಹಾಕಿರಲಿಲ್ಲ, ನಾವೂ ಬೀರುವಿನಲ್ಲಿ ಇಟ್ಟುಬಿಟ್ಟೆವು.

— ಅಲ್ಲೇ ಮೋಸಹೋಗೋದು ನಾವು. ಕ್ರಿಯಾಟಿನಿನ್ ಅಂದ್ರೆ ಮಾಂಸಖಂಡ ದಿನಾ ಬಿಡೋ ಕಸ. ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬರತ್ತೆ. ಹೊರಗೆ ಹಾಕೋ ಕೈ ಅರ್ಧವಾದರೆ ರಕ್ತದಲ್ಲಿ ಅದು ಎರಡರಷ್ಟಾಗಿ ನಿಲ್ಲತ್ತೆ. 0.8 ಇದ್ದವರಿಗೆ 1.3 ಆಯ್ತು ಅಂದ್ರೆ ಕೆಲಸದ ಮೂರನೇ ಒಂದು ಪಾಲಿಗಿಂತ ಹೆಚ್ಚು ಆಗಲೇ ಹೋಗಿದೆ. ಲ್ಯಾಬಿನ ಗೆರೆ ಎಲ್ಲರಿಗೂ ಸೇರಿಸಿ ಎಳೆದದ್ದು, ಅದಕ್ಕೆ ಇವರ 0.8 ಗೊತ್ತಿಲ್ಲ. ಅದಕ್ಕೇ ನಾನು ಹಳೇ ರಿಪೋರ್ಟು ಎಸೀಬೇಡಿ ಅಂತ ಬಡ್ಕೊಳ್ಳೋದು. ಒಂದು ಅಂಕಿಗಿಂತ ಅಂಕಿಗಳ ನಡಿಗೆ ನೋಡಬೇಕು. ನೋವೂ ಬರಲ್ಲ ನೋಡು ಇದಕ್ಕೆ. ಕಲ್ಲಾದರೆ ಊರಿಗೆಲ್ಲಾ ಗೊತ್ತಾಗೋ ಹಾಗೆ ನೋಯತ್ತೆ, ಆದ್ರೆ ನೆಫ್ರಾನ್‌ಗಳು ಒಂದೊಂದೇ ಆರಿಹೋಗೋದು ಸದ್ದಿಲ್ಲದೆ. ಉಳಿದವು ಸತ್ತವರ ಕೆಲಸವನ್ನೂ ಹೊತ್ಕೊಂಡು, ಆ ಭಾರಕ್ಕೇ ತಾವೂ ಸೋಲ್ತವೆ.

— ಅಪ್ಪನಿಗೆ ಸುಸ್ತು ಅಂತೂ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಕಮ್ಮಿ ಅಂತ ಟಾನಿಕ್ ಕುಡೀತಿದಾರೆ.

— ಹಿಮೋಗ್ಲೋಬಿನ್ 9 ಇದೆ ಇಲ್ಲಿ. ರಕ್ತ ಮಾಡು ಅಂತ ಮೂಳೆಯ ಮಜ್ಜೆಗೆ ಆರ್ಡರ್ ಕಳಿಸೋದು ಯಾರು ಅಂದ್ಕೊಂಡಿದೀಯ? ಕಿಡ್ನಿಯೇ. ಎರಿತ್ರೋಪೊಯೆಟಿನ್ ಅಂತ ಹಾರ್ಮೋನು. ಆರ್ಡರ್ರೇ ಬರದೆ ಇದ್ರೆ ಕಬ್ಬಿಣ ಎಷ್ಟು ಸುರಿದರೇನು! ನಾನು ಸೇರಿದ ಹೊಸದರಲ್ಲಿ ಆ ಇಂಜೆಕ್ಷನ್ ಬಂದಿತ್ತು, ಆದ್ರೆ ನಮ್ಮ ಜನರ ಕೈಗೆ ಎಟುಕ್ತಿರಲಿಲ್ಲ. ಬಾಟ್ಲಿಗಟ್ಟಲೆ ರಕ್ತ ಏರಿಸ್ತಿದ್ವಿ. ಬಿಳಿಚಿದ ಮುಖ, ಬಿಳಿಚಿದ ಉಗುರು, ಇವತ್ತಿಗೂ ಕಣ್ಣ ಮುಂದಿದೆ. ಬಿಸಿಲಿನಲ್ಲಿ ಚರ್ಮ ಶುರುಮಾಡಿದ ವಿಟಮಿನ್ ಡಿ ಕೊನೆಗೆ ಕೆಲಸಕ್ಕೆ ಬರೋ ಹಾಗೆ ಆಗೋದೂ ಕಿಡ್ನಿಯಲ್ಲೇ, ಇಲ್ಲದಿದ್ರೆ ಮೂಳೆ ಟೊಳ್ಳು. ಬಿ.ಪಿ.ಯ ಕಡಿವಾಣವೂ ಅದರ ಕೈಯಲ್ಲೇ. ಬಿ.ಪಿ. ಕಿಡ್ನಿ ಕೆಡಿಸತ್ತೆ, ಕೆಟ್ಟ ಕಿಡ್ನಿ ಬಿ.ಪಿ. ಏರಿಸತ್ತೆ. ಗಾಣದ ಎತ್ತಿನ ಸುತ್ತು ಅದು. ಮಾತ್ರೆ ಹಾಕಿ ಎಲ್ಲಾದರೂ ಒಂದು ಕಡೆ ಕತ್ತರಿಸಲೇಬೇಕು. ಹೀಗಿರೋ ಅಂಗವನ್ನ ಉಚ್ಚೆಯ ಹೆಸರಿನಿಂದ ಕರೀತೀವಲ್ಲ ಅಂತ ನನಗೆ ಸಂಕಟ.

— ಕಿಡ್ನಿಯಿಂದ ಕೆಳಗೆ?

— ಕೆಳಗೆ ಅದು ಬರೀ ಕೊಳಾಯಿ ಕೆಲಸ ಅಂತಾರೆ, ಅದೂ ಪೂರ್ತಿ ನಿಜ ಅಲ್ಲ. ಒಂದಡಿ ಉದ್ದದ ಎರಡು ಮೂತ್ರನಾಳ. ಅವು ಅಲೆ ಅಲೆಯಾಗಿ ಹಿಂಡಿ ಹಿಂಡಿ ಮೂತ್ರ ಇಳಿಸ್ತವೆ, ಹಾಗಾಗಿ ಮಲಗಿದ್ದರೂ ನಡೆಯತ್ತೆ. ಕಲ್ಲು ಸಿಕ್ಕಿಕೊಂಡಾಗ ಪ್ರಾಣ ಹಿಂಡೋದು ಇದೇ ಹಿಂಡುವಿಕೆ. ಆಮೇಲೆ ಮೂತ್ರಕೋಶ. ಇನ್ನೂರು ಎಂ.ಎಲ್. ಆದಾಗ ಸಣ್ಣಗೆ ತಿಳಿಸತ್ತೆ, ನಾನೂರು ಐನೂರಕ್ಕೆ ಕೂರೋಕೆ ಬಿಡಲ್ಲ. ಎರಡು ಬಾಗಿಲು, ಒಳಗಿನದು ನಮ್ಮ ಮಾತು ಕೇಳಲ್ಲ, ಹೊರಗಿನದು ಕೇಳತ್ತೆ. ಎರಡು ಮೂರು ವರ್ಷದ ಮಗು ಕಲಿಯೋದು ಆ ಹೊರಬಾಗಿಲು ಹಿಡಿಯೋದನ್ನ. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೂತ್ರಕೋಶದಿಂದ ಹೊರಗೆ ಬರೋ ದಾರಿ ಗಂಡಸರಿಗೆ ಸುಮಾರು 20 ಸೆಂಟಿಮೀಟರ್, ಹೆಂಗಸರಿಗೆ 4. ಸೋಂಕು ಹತ್ತೋಕೆ ನಾಲ್ಕೇ ಹೆಜ್ಜೆ. ಅಂಥಾದ್ದರಲ್ಲಿ ಸ್ಕೂಲಿನಲ್ಲಿ ಬಾಗಿಲಿರೋ ಶೌಚಾಲಯ ಇಲ್ಲ ಅಂತ ಬೆಳಗ್ಗೆಯಿಂದ ನೀರೇ ಕುಡೀದೆ ಕೂರೋ ಹುಡುಗಿಯರು, ಬಸ್ಸಿನಲ್ಲಿ ದಿನವಿಡೀ ಟಿಕೆಟ್ ಹರಿಯೋ ಹೆಂಗಸರು, ಗಾರ್ಮೆಂಟ್ಸಿನಲ್ಲಿ ಎದ್ದು ಹೋದರೆ ಬೈಗುಳ ತಿನ್ನೋರು! ಉರಿಮೂತ್ರ ಅಂತ ಬಂದವರನ್ನ ಎಷ್ಟು ನೋಡಿದೀನಿ. ಅದು ಅವರ ದೇಹದ ದೋಷ ಅಲ್ಲ. ಒಂದು ಕೋಣೆ, ಒಂದು ನಲ್ಲಿ, ಒಂದು ಚಿಲಕ ಇದ್ದಿದ್ದರೆ ಅರ್ಧ ಜನ ನಮ್ಮ ಹತ್ರ ಬರ್ತಿರಲಿಲ್ಲ.

— ಅಪ್ಪನಿಗೆ ಈಗ ಏನು ಮಾಡೋದು ಚಿಕ್ಕಮ್ಮ? ನೀರು ಜಾಸ್ತಿ ಕುಡಿಸಲಾ? ಅಮ್ಮ ದಿನಾ ಎಳನೀರು ತರಿಸ್ತಿದಾರೆ, ತಂಪು ಅಂತ.

— ಪೊಟ್ಯಾಸಿಯಂ ನೋಡೋವರೆಗೂ ಎಳನೀರು ಮುಟ್ಟಬೇಡಿ. ತಿಪಟೂರು ಕಡೆಯ ಒಬ್ಬರು ರೈತರು ನಮ್ಮಲ್ಲಿಗೆ ವಾರಕ್ಕೆರಡು ಸಲ ಬರ್ತಿದ್ದರು. ಸ್ವಂತ ತೋಟ. ಒಂದು ಭಾನುವಾರ ಬಿಸಿಲಿಗೆ ದಣಿದು ಎರಡು ಕಾಯಿ ಕುಡಿದರಂತೆ. ಸೋಮವಾರ ಬಂದಾಗ ಕಾಲು ಎತ್ತೋಕೆ ಆಗ್ತಿರಲಿಲ್ಲ, ನಾಡಿ ನಲವತ್ತಕ್ಕೆ ಬಂದಿತ್ತು. ನನಗೂ ನಿನಗೂ ಎಳನೀರು ಅಮೃತ. ಕಿಡ್ನಿ ಸೋತವರ ಮೈಯಲ್ಲಿ ಅದರ ಪೊಟ್ಯಾಸಿಯಂ ಹೊರಗೆ ಹೋಗದೆ ಹೃದಯವನ್ನೇ ನಿಲ್ಲಿಸಬಹುದು. ದಾರೆಹುಳಿಯೂ ಬೇಡ, ಸಾರಿಗೂ ಹಾಕಬೇಡಿ. ನೀರಿನ ವಿಷಯ, ಬಾಯಾರಿದಷ್ಟು ಕುಡೀಲಿ. ಕಲ್ಲಾಗೋರಿಗೆ ನೀರು ಔಷಧಿ, ನಿಜ. ಆದ್ರೆ ನೀರು ಹೊಯ್ದು ಕಿಡ್ನಿ ತೊಳೆಯೋಕೆ ಆಗಲ್ಲ, ಅದು ಚರಂಡಿ ಅಲ್ಲ. ಮಂಡಿನೋವಿಗೆ ಏನು ತಗೊಳ್ತಾರೆ?

— ಒಂದು ಮಾತ್ರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರೋದು. ನಾಲ್ಕೈದು ವರ್ಷದಿಂದ, ದಿನಕ್ಕೊಂದು, ಕೆಲವು ಸಲ ಎರಡು.

— ಡೈಕ್ಲೋಫಿನಾಕಾ?

— ಹೌದು. ಚೀಟಿ ಕೇಳಲ್ಲ, ಹೆಸರು ಹೇಳಿದ್ರೆ ಕೊಡ್ತಾರೆ. ಯಾಕೆ?

— ಆ ಸಿಂಬೆಗೆ ರಕ್ತ ತರೋ ನಾಳವನ್ನ ಅಗಲವಾಗಿ ತೆರೆದಿಡೋ ಒಂದು ವಸ್ತು ಮೈಯಲ್ಲೇ ತಯಾರಾಗತ್ತೆ. ಅದೇ ಜಾತಿಯ ವಸ್ತು ಮಂಡಿಯಲ್ಲಿ ನೋವು, ಊತ ತರತ್ತೆ. ಈ ಮಾತ್ರೆ ಎರಡನ್ನೂ ಒಟ್ಟಿಗೇ ನಿಲ್ಲಿಸತ್ತೆ. ಗಟ್ಟಿಮುಟ್ಟಾದವರು ಎರಡು ದಿನ ತಗೊಂಡರೆ ತಡ್ಕೊಳ್ತಾರೆ. ಮೊದಲೇ ಸೊರಗಿದ ಕಿಡ್ನಿಗೆ ದಿನಾ ದಿನಾ ರಕ್ತದ ದಾರಿ ಕಿರಿದು ಮಾಡಿದ್ರೆ...

— ತಂದುಕೊಡ್ತಿದ್ದವನು ನಾನೇ ಚಿಕ್ಕಮ್ಮ. ಆಫೀಸಿಂದ ಬರೋವಾಗ, ಪ್ರತಿ ಹದಿನೈದು ದಿನಕ್ಕೆ ಒಂದು ಸ್ಟ್ರಿಪ್. ಒಂದು ಸಲ ಮರೆತಿದ್ದಕ್ಕೆ ವಾಪಸ್ಸು ಹೋಗಿ ತಂದಿದ್ದೆ.

— ಇಲ್ಲಿ ನೋಡು. ಅಪ್ಪ ನೋವಲ್ಲಿ ನರಳೋದು ನೋಡಲಾರದೆ ತಂದೆ. ಸಕ್ಕರೆ ಹದಿನೈದು ವರ್ಷದ್ದು, ಬಿ.ಪಿ. ಹತ್ತು ವರ್ಷದ್ದು. ಈ ಮಾತ್ರೆ ಒಂದರಿಂದಲೇ ಆದದ್ದು ಅಂತ ಯಾರೂ ಹೇಳೋಕೆ ಆಗಲ್ಲ. ಇವತ್ತೇ ನಿಲ್ಲಿಸು, ನೋವಿಗೆ ಬೇರೆ ಏನು ಅಂತ ಡಾಕ್ಟರನ್ನ ಕೇಳೋಣ. ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆ ಮಾತ್ರ ನೀವಾಗಿ ಬಿಡಬೇಡಿ. ಯಾರೋ ಹೇಳಿದರು ಅಂತ ಭಸ್ಮ, ಕಷಾಯವೂ ಬೇಡ.

— ಡಯಾಲಿಸಿಸ್ ಮಾಡಿಸಬೇಕಾಗತ್ತಾ?

— ಈಗಲ್ಲ. ಇ.ಜಿ.ಎಫ್.ಆರ್. ಹದಿನೈದಕ್ಕಿಂತ ಕೆಳಗೆ ಇಳಿದು, ಮೈಯಲ್ಲಿ ಲಕ್ಷಣ ಕಂಡಾಗ ಆ ಮಾತು. ಎಷ್ಟೋ ಜನ 29ರಲ್ಲೇ ವರ್ಷಗಟ್ಟಲೆ ಇದಾರೆ, ಅಲ್ಲಿಗೆ ಹೋಗದೇ ಇರೋರೂ ಇದಾರೆ. ಡಯಾಲಿಸಿಸ್ ಅಂದ್ರೆ ಸಾವು ಅಂತ ಹೆದರೋದೂ ಬೇಡ. 1943ರಲ್ಲಿ, ಜರ್ಮನರು ಆಕ್ರಮಿಸಿದ್ದ ನೆದರ್ಲೆಂಡ್ಸಿನಲ್ಲಿ ಕೊಲ್ಫ್ ಅನ್ನೋ ಡಾಕ್ಟರು ಸಾಸೇಜಿಗೆ ಸುತ್ತೋ ಸೆಲ್ಲೋಫೇನ್ ಕೊಳವೆಯನ್ನ ಮರದ ಪಟ್ಟಿಯ ಪೀಪಾಯಿಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ, ನಿಜಕ್ಕೂ ಕೆಲಸಕ್ಕೆ ಬಂದ ಮೊದಲ ಯಂತ್ರ ಮಾಡಿದರು. ಮೊದಮೊದಲು ಅದಕ್ಕೆ ಹಾಕಿದವರಲ್ಲಿ ಬಹಳ ಜನ ಉಳೀಲಿಲ್ಲ. ಆದರೂ ಬಿಡಲಿಲ್ಲ ಅವರು. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಎದ್ದು ಕೂತರು. ಈಗ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರ ಇದೆ. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ. ಒಂದು ಸಲಕ್ಕೆ ನೂರು ಲೀಟರಿಗೂ ಹೆಚ್ಚು ಶುದ್ಧ ಮಾಡಿದ ನೀರು. ಇಷ್ಟೆಲ್ಲಾ ಮಾಡಿದರೂ ವಾರದ 168 ಗಂಟೆಯ ಕೆಲಸವನ್ನ 12 ಗಂಟೆಯಲ್ಲಿ ಮುಗಿಸೋಕೆ ಹೊರಟ ಯಂತ್ರ ಅದು. ರಕ್ತ ಹುಟ್ಟಿಸೋ ಆರ್ಡರ್ ಅದಕ್ಕೆ ಬರೆಯೋಕೆ ಬರಲ್ಲ. ಬೇರೆಯವರ ಕಿಡ್ನಿ ಹಾಕಿದರೆ ಅದೂ ಬರತ್ತೆ. ಅದನ್ನ ಕೂರಿಸೋದು ಹಳೇ ಜಾಗದಲ್ಲಲ್ಲ ಗೊತ್ತಾ, ಕೆಳಹೊಟ್ಟೆಯ ಪಕ್ಕದಲ್ಲಿ. ಹಳೇವು ಸಾಮಾನ್ಯವಾಗಿ ಅಲ್ಲೇ ಇರ್ತವೆ.

— ನಾನು ಕೊಡ್ತೀನಿ ಚಿಕ್ಕಮ್ಮ, ಬೇಕಾದ್ರೆ.

— ನೀನು ಕೊಡೋ ಹೊತ್ತು ಬಂದಿಲ್ಲ, ಕೂತ್ಕೋ. ಮೊದಲು ಬೆಳಗ್ಗಿನ ಮೊದಲ ಉಚ್ಚೆ ಹಿಡಿದಿಡೋಕೆ ಹೇಳು. ಡಬ್ಬಿ ಲ್ಯಾಬಿನವರು ಕೊಡ್ತಾರೆ, ಒಳಗೆ ಬೆರಳು ತಾಗಬಾರದು. ಸೋಮವಾರ ನಾನೂ ಬರ್ತೀನಿ, ಕಾರಿನಲ್ಲಿ ಹಿಂದೆ ಕೂರಿಸ್ಕೋ. ಹಳೇ ರಿಪೋರ್ಟು ಬೀರುವಿನಿಂದ ತೆಗೆದು ತಾರೀಖಿನ ಪ್ರಕಾರ ಜೋಡಿಸು. ಆಮೇಲೆ ಇನ್ನೊಂದು. ರಕ್ತ ತೆಗೆಯೋವಾಗ ಎಡಗೈ ಕೊಡಬೇಡಿ ಅನ್ನು. ಬಲಗೈಯ ಹಿಂಬದಿಯಲ್ಲಿ ತೆಗೀಲಿ. ಎಡಗೈಗೆ ಡ್ರಿಪ್ಪೂ ಹಾಕಿಸಬೇಡಿ.

— ಅದ್ಯಾಕೆ ಎಡಗೈ?

— ಡಯಾಲಿಸಿಸ್ಸಿಗೆ ಕೈಯ ನಾಳ ಜೋಡಿಸಿ ಫಿಸ್ಟುಲಾ ಮಾಡ್ತಾರೆ. ಬಲಗೈ ದುಡಿಯೋ ಕೈ ಅಂತ ಸಾಮಾನ್ಯವಾಗಿ ಎಡಗೈಯಲ್ಲೇ. ಸೂಜಿ ಚುಚ್ಚಿ ಚುಚ್ಚಿ ಹಾಳಾದ ನಾಳ ಅದಕ್ಕೆ ಬರಲ್ಲ.

— ಈಗಲ್ಲ ಅಂದ್ರಲ್ಲ?

— ಈಗಲ್ಲ ಕಣಪ್ಪಾ. ಆದ್ರೂ ಎಡಗೈ ಹಾಗೇ ಇರಲಿ.